ಕೌದಿ ಕುಡಿದ ಲೆಕ್ಕ

ಡಂಬಳದ ದೊಡ್ಡಬಸಪ್ಪನ ಗುಡಿಯ ಸುತ್ತ ಮೂಲೆ ಎಣಿಸುತ್ತ ನಡೆಯುವುದು ನನಗೆ ಹಳೆಯ ಚಟ. ಒಂದು ಚೌಕವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದರೆ ಮೂಡುವ 24 ಮೂಲೆಯ ನಕ್ಷತ್ರ ಅದು. ಈ ಸಲ ಜೊತೆಗೆ ನೆಂಟರ ಹುಡುಗಿ ಇದ್ದಳು. ಪ್ರಾಡಕ್ಟ್ ಡಿಸೈನ್ ಓದಿ ಮೂರು ವರ್ಷ ಮಿಕ್ಸರು, ಇಸ್ತ್ರಿಪೆಟ್ಟಿಗೆಗಳಿಗೆ ರೂಪ ಕೊಟ್ಟವಳು. "ಕಾಕಾ, ಇನ್ನ ದವಾಖಾನಿ ಸಾಮಾನು ಮಾಡಬೇಕಂತ ಮಾಡೇನಿ. ಎಲ್ಲಿಂದ ಚಾಲೂ ಮಾಡ್ಲಿ?" ಅಂದಳು.

ಗುಡಿಯಿಂದ ನೇರ ಒಬ್ಬ ಆಯಿಯ ಮನೆಗೆ ಕರೆದೊಯ್ದೆ. ಹಿಂದೆ ಊರಲ್ಲಿ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ. "ರಕ್ತ ಬಾಳ ಹೋಗಾಕತ್ತೈತಿ ಅಂತ ಹೆಂಗ ತಿಳೀತಿತ್ತು ಆಯಿ?" ಎಂದು ಹುಡುಗಿ ಕೇಳಿದಳು.

"ಎಲ್ಲಿ ತಿಳೀತದವ್ವಾ? ಕೌದಿ ಎಲ್ಲಾ ಕುಡದು ಬಿಡತಿತ್ತು. ಬಾಣಂತಿ ಮಾರಿ ಬೆಳ್ಳಗ ಆದಮ್ಯಾಲ ತಿಳೀತಿತ್ತು."

ಆ ಮಾತಿಗೆ ಉತ್ತರ ನಮ್ಮ ಸೀಮೆಯಲ್ಲೇ ಹುಟ್ಟಿದೆ. ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ರೂಪಿಸಿದ 'ಬ್ರಾಸ್-ವಿ' ಹಾಳೆ ಅದು. ಹೆಸರಿನಲ್ಲಿರುವುದು ಅದನ್ನು ಮಾಡಿದ ಏಳು ಜನರ ಮೊದಲಕ್ಷರಗಳು. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್. ಮೇಲ್ತುದಿಯ ಲಾಡಿಗಳನ್ನು ಹೊಟ್ಟೆಯ ಸುತ್ತ ಕಟ್ಟಿದರೆ ಜಾರುವುದಿಲ್ಲ. ಕೆಳತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗುತ್ತದೆ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. 500ರ ಗೆರೆ ಮುಟ್ಟಿತೆಂದರೆ ಅಪಾಯ. ಕರೆಂಟು ಬೇಡ, ಕೂಡಿಸಿ ಕಳೆಯುವ ಗೋಜಿಲ್ಲ, ಕಂದೀಲಿನ ಬೆಳಕಿನಲ್ಲೂ ಓದಬಹುದು. ಇಷ್ಟು ವರ್ಷ ನೋಡಿದ ವಸ್ತುಗಳಲ್ಲಿ ಇದರಷ್ಟು ಚೊಕ್ಕ ವಿನ್ಯಾಸ ನನಗೆ ಕಂಡಿಲ್ಲ.

ಬೆಳಗಾವಿಯಲ್ಲೇ 123 ಬಾಣಂತಿಯರ ಮೇಲೆ ನಡೆದ ಅಧ್ಯಯನದಲ್ಲಿ, ಕಣ್ಣಂದಾಜಿನ ಲೆಕ್ಕ ಹಾಳೆಯ ಲೆಕ್ಕಕ್ಕಿಂತ ಶೇ. 33ರಷ್ಟು ಕಡಿಮೆ ಬಂತು. ಪಳಗಿದ ಕಣ್ಣುಗಳೇ ಅವು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 25 ಎಎನ್‌ಎಂ ಸಿಸ್ಟರುಗಳು 1620 ಹೆರಿಗೆಗಳಲ್ಲಿ ಇದೇ ಹಾಳೆಯಿಂದ ರಕ್ತ ಅಳೆದರು. ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿದವರಲ್ಲಿ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದದ್ದು ಹಾಗೆ ಸಾಬೀತಾಯಿತು. 2006ರಲ್ಲಿ 'ಲ್ಯಾನ್ಸೆಟ್' ಅದನ್ನು ಪ್ರಕಟಿಸಿತು. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಹೊರಬಂದ 'ಇ-ಮೋಟಿವ್' ಅಧ್ಯಯನ ಇಂಥದೇ ಗೆರೆಯುಳ್ಳ ಹಾಳೆಯಿಂದ ಶುರುವಾಗುತ್ತದೆ. ಹಾಳೆ ಹಾಸಿ, ರಕ್ತ ಹೆಚ್ಚಾದದ್ದು ಕಂಡ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಕೊಟ್ಟಾಗ, ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಇವು ಒಟ್ಟಾರೆ ಶೇ. 60ರಷ್ಟು ಇಳಿದವು.

ಹುಡುಗಿಗೆ ಇನ್ನೊಂದು ಕಥೆಯನ್ನೂ ಹೇಳಿದೆ. ಅಗ್ಗದ ಇನ್‌ಕ್ಯುಬೇಟರ್ ಮಾಡಲು 2007ರಲ್ಲಿ ಹೊರಟ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ನೇಪಾಳದ ಆಸ್ಪತ್ರೆಗೆ ಹೋಗಿ ನೋಡಿದರೆ ಇನ್‌ಕ್ಯುಬೇಟರುಗಳು ಖಾಲಿ ನಿಂತಿದ್ದವು; ಕೂಸುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಪೆಟ್ಟಿಗೆಯ ಆಸೆ ಬಿಟ್ಟು, ಮೇಣದ ಕಾವಿನಿಂದ ಕೂಸನ್ನು 37 ಡಿಗ್ರಿಯಲ್ಲಿ ಬೆಚ್ಚಗಿಡುವ ಚೀಲ ಮಾಡಿದರು. ಆ 'ಎಂಬ್ರೇಸ್' ಬಳಿಕ ಬೆಂಗಳೂರಿಗೆ ಬಂದು ಬೆಳೆಯಿತು.

ಹುಡುಗಿ ಆಯಿಯ ಹಳೆಯ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಹೊಲಿಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಪೆನ್ಸಿಲ್ ಚೀಲದಿಂದ ಹೊರಗೆ ಬಂದಿರಲಿಲ್ಲ.

ಅವಳ ಹಾದಿಗೆ ಬರಬೇಕೆನ್ನುವ ಹುಡುಗ ಹುಡುಗಿಯರಿಗೆ ನನ್ನ ವಿನಂತಿ ಒಂದೇ. ಲ್ಯಾಪ್‌ಟಾಪ್ ತೆರೆಯುವ ಮೊದಲು ನಿಮ್ಮೂರಿನ ಎಎನ್‌ಎಂ ಸಿಸ್ಟರನ್ನು ಕೇಳಿ, ಅವರ ಜೊತೆ ಒಂದು ವಾರ ಮನೆಮನೆ ತಿರುಗಿ. ಡಂಬಳಕ್ಕೆ ಬಂದರೆ ಆಯಿಯ ಮನೆ ನಾನೇ ತೋರಿಸುತ್ತೇನೆ.