ಮೈದಾನದ ಕೀರ್ತಿ, ಸುದ್ದಿಮನೆಯ ನ್ಯಾಯ

ಐಪಿಎಲ್ ದಿನಗಳಲ್ಲಿ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯ ಯಾವ ಚಹಾದಂಗಡಿಯಲ್ಲಿ ಕುಳಿತರೂ ಮಾತು ಒಂದೇ, ಆರ್‌ಸಿಬಿ. ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ರೈತನಿಗೂ, ರೀಲಿಂಗ್ ಘಟಕದಲ್ಲಿ ನೂಲು ತೆಗೆಯುವ ಹುಡುಗನಿಗೂ ಅದು ‘ನಮ್ಮ ತಂಡ’. ಈ ‘ನಮ್ಮ’ ಎಂಬ ಪದದಲ್ಲಿ ಪ್ರೀತಿಯಿದೆ, ಜೊತೆಗೆ ಒಂದು ಅಪಾಯವೂ ಇದೆ. ನಮ್ಮವನ ಮೇಲೆ ಹೆಣ್ಣುಮಗಳೊಬ್ಬಳು ದೂರು ಕೊಟ್ಟರೆ ನಾವು ಅವಳ ಮಾತನ್ನು ಕೇಳುವುದಕ್ಕೆ ಮೊದಲೇ ಅವಳು ಯಾರು, ಎಂಥವಳು ಎಂದು ಕೇಳುತ್ತೇವೆ. ಈ ಪ್ರಶ್ನೆಯನ್ನು ನಮ್ಮ ಬಾಯಿಗೆ ಕೊಡುವುದು ಬಹುಮಟ್ಟಿಗೆ ಮಾಧ್ಯಮವೇ.

2012ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ದೆಹಲಿಯ ಹೋಟೆಲೊಂದರಲ್ಲಿ ಅಮೆರಿಕದ ಯುವತಿಯೊಬ್ಬಳು ತನ್ನ ಮೇಲೆ ಹಲ್ಲೆಯಾಯಿತೆಂದು ದೂರು ಕೊಟ್ಟಳು. ಪೊಲೀಸರು ಬಂಧಿಸಿದ್ದು ಆರ್‌ಸಿಬಿಯ ಆಸ್ಟ್ರೇಲಿಯಾ ಆಟಗಾರ ಲ್ಯೂಕ್ ಪೋಮರ್ಸ್‌ಬಾಕ್‌ನನ್ನು. ತಂಡ ಅವನನ್ನು ಅಮಾನತುಗೊಳಿಸಿತು. ಆದರೆ ತಂಡದ ಒಡೆಯರ ಮಗ ಸಿದ್ಧಾರ್ಥ ಮಲ್ಯ ಟ್ವಿಟರ್‌ನಲ್ಲಿ ಆ ಯುವತಿಯ ನಡತೆಯನ್ನೇ ಪ್ರಶ್ನಿಸಿದರು. ಹಿಂದಿನ ರಾತ್ರಿಯ ಪಾರ್ಟಿಯಲ್ಲಿ ಆಕೆ ತನ್ನೊಂದಿಗೆ ಹೇಗಿದ್ದಳು ಎಂಬುದನ್ನು ಊರಿಗೆಲ್ಲ ಹೇಳಿದರು. ಅಲ್ಲಿಂದ ಚರ್ಚೆಯ ದಿಕ್ಕೇ ಬದಲಾಯಿತು. ಕೋಣೆಯಲ್ಲಿ ನಡೆದದ್ದೇನು ಎಂಬುದು ಹಿಂದೆ ಸರಿದು, ಪಾರ್ಟಿಯಲ್ಲಿ ನಡೆದದ್ದೇನು ಎಂಬುದು ಮುಂದೆ ಬಂತು. ಯುವತಿ ಮಾನನಷ್ಟದ ನೋಟಿಸು ಕೊಡಬೇಕಾಯಿತು. ಕೊನೆಗೆ ಎರಡೂ ಕಡೆಯವರು ರಾಜಿಯಾದರು, ಪ್ರಕರಣ ಅಲ್ಲಿಗೆ ಮುಗಿಯಿತು. ಸತ್ಯ ಯಾವುದೆಂದು ನ್ಯಾಯಾಲಯ ತೀರ್ಮಾನಿಸುವ ಸಂದರ್ಭವೇ ಬರಲಿಲ್ಲ. ಆದರೆ ಆಕೆಯ ನಡತೆಯ ಮೇಲಿನ ವಿಚಾರಣೆ ಮಾತ್ರ ಸಾರ್ವಜನಿಕವಾಗಿ ನಡೆದುಹೋಗಿತ್ತು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅದೇ ವರ್ಷ ಜೂನ್‌ನಲ್ಲಿ, 2006ರ ದೋಹಾ ಏಷ್ಯನ್ ಕ್ರೀಡಾಕೂಟದ ರಿಲೇ ಓಟದಲ್ಲಿ ಚಿನ್ನ ಗೆದ್ದ ತಂಡದ ಪಿಂಕಿ ಪ್ರಾಮಾಣಿಕ್ ಅವರನ್ನು ಪಶ್ಚಿಮ ಬಂಗಾಳದ ಪೊಲೀಸರು ಅತ್ಯಾಚಾರದ ಆರೋಪದಲ್ಲಿ ಬಂಧಿಸಿದರು. ಆಕೆ ಹೆಣ್ಣೋ ಗಂಡೋ ಎಂಬುದೇ ದೇಶಕ್ಕೆಲ್ಲ ಮೋಜಿನ ಚರ್ಚೆಯಾಯಿತು. ಆಕೆಯ ದೇಹ ಪರೀಕ್ಷೆಯ ವಿಡಿಯೋ ಹೊರಬಿದ್ದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. 2014ರಲ್ಲಿ ಕಲ್ಕತ್ತಾ ಹೈಕೋರ್ಟ್ ಆಕೆಯ ವಿರುದ್ಧದ ಪ್ರಕರಣವನ್ನು ರದ್ದುಪಡಿಸಿತು. ಬಂಧನದ ದಿನ ಸಿಕ್ಕ ಜಾಗ ಬಿಡುಗಡೆಯ ದಿನ ಸಿಕ್ಕಿತೆ? ಆಕೆಯ ಬಂಧನ ನೆನಪಿರುವ ಎಷ್ಟು ಮಂದಿಗೆ ಆ ತೀರ್ಪು ನೆನಪಿದೆ?

ಈ ಎರಡು ಪ್ರಕರಣಗಳಲ್ಲಿ ಒಂದರಲ್ಲಿ ದೂರು ಕೊಟ್ಟವಳು ಬೆತ್ತಲಾದಳು, ಇನ್ನೊಂದರಲ್ಲಿ ಆರೋಪ ಹೊತ್ತವಳು. ಹೀಗಾಗಿ ‘ಮಾಧ್ಯಮ ಯಾರ ಪರ ಇರಬೇಕು’ ಎಂಬ ಪ್ರಶ್ನೆಯೇ ತಪ್ಪು. ದೂರನ್ನು ಗಂಭೀರವಾಗಿ ಕೇಳುವುದಕ್ಕೂ ಆರೋಪಿಯನ್ನು ತೀರ್ಪಿಗೆ ಮೊದಲು ಅಪರಾಧಿ ಎನ್ನದಿರುವುದಕ್ಕೂ ವಿರೋಧವಿಲ್ಲ. ಎರಡನ್ನೂ ಒಟ್ಟಿಗೆ ಮಾಡಲಾಗದ ಪತ್ರಕರ್ತ ಈ ಸುದ್ದಿಯನ್ನು ಮುಟ್ಟದಿರುವುದೇ ಮೇಲು.

ಮೊದಲು ನಮ್ಮ ಭಾಷೆಯನ್ನು ನೋಡಿಕೊಳ್ಳೋಣ. ‘ಮಾನಭಂಗ’ ಎಂದು ಬರೆಯುತ್ತೇವೆ. ಅಪರಾಧ ಮಾಡಿದವನೊಬ್ಬ, ಮಾನ ಹೋದದ್ದು ಮಾತ್ರ ಅವಳದೆ? ‘ರಾಸಲೀಲೆ’ ಎನ್ನುತ್ತೇವೆ. ಬಲಾತ್ಕಾರದ ದೂರಿಗೆ ಇಂಥ ಶೃಂಗಾರದ ಪದ ಅಂಟಿಸುವುದು ಎಂಥ ಕ್ರೌರ್ಯ! ‘ಖ್ಯಾತ ಆಟಗಾರನ ವೃತ್ತಿಜೀವನಕ್ಕೆ ಕಂಟಕ’ ಎನ್ನುತ್ತೇವೆ. ಕಂಟಕವಾದದ್ದು ಆರೋಪಿತ ಕೃತ್ಯವೋ, ಅದನ್ನು ಬಾಯಿಬಿಟ್ಟು ಹೇಳಿದ ಹುಡುಗಿಯೋ? ಇನ್ನೊಂದು ರೋಗವೂ ಇದೆ. ಆರೋಪಿಯ ಹೆಸರು, ಧರ್ಮ ನೋಡಿ ಶೀರ್ಷಿಕೆಯ ಗಾತ್ರ ನಿರ್ಧರಿಸುವುದು. ಹೆಸರು ನಮ್ಮದಾದರೆ ‘ಆರೋಪ’, ಅವರದಾದರೆ ‘ಕಾಮುಕ’. ಈ ಅಳತೆಗೋಲು ಯಾವ ಸಮುದಾಯದ ಪತ್ರಿಕೆ ಹಿಡಿದರೂ ಅನ್ಯಾಯವೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡುವುದು ಹಿಂದೆ ಐಪಿಸಿ 228ಎ ಪ್ರಕಾರ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆಯ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಇದನ್ನೇ ಹೇಳುತ್ತದೆ. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಸರನ್ನು ಬಿಟ್ಟರೆ ಸಾಲದು, ಗುರುತು ಹಿಡಿಯಲು ನೆರವಾಗುವ ಯಾವ ಸುಳಿವನ್ನೂ ಕೊಡಬಾರದು ಎಂದಿತು. ಆದರೂ ನಾವೇನು ಮಾಡುತ್ತೇವೆ? ಹೆಸರು ಬಿಟ್ಟು ಊರು ಬರೆಯುತ್ತೇವೆ. ಊರಿನ ಜೊತೆ ಕೆಲಸ, ವಯಸ್ಸು, ಆಡುವ ಆಟ. ಗೌರಿಬಿದನೂರಿನಂಥ ಊರಿನಲ್ಲಿ ಇಷ್ಟು ಹೇಳಿದ ಮೇಲೆ ಹೆಸರು ಬೇರೆ ಬೇಕೆ?

ಆಟಗಾರ ಸತ್ತ ಮೇಲೂ ಈ ಪ್ರಶ್ನೆ ಬಿಡುವುದಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ಮೇಲೆ 2003ರಲ್ಲಿ ಯುವತಿಯೊಬ್ಬಳು ಅತ್ಯಾಚಾರದ ದೂರು ಕೊಟ್ಟಿದ್ದಳು. ಆಕೆಯ ಹೆಸರು ಹೊರಬಿತ್ತು, ಖಾಸಗಿ ಬದುಕು ಬೀದಿಗೆ ಬಂತು. ಸಾಕ್ಷಿ ಹೇಳಲು ಆಕೆ ಒಪ್ಪದ್ದರಿಂದ 2004ರಲ್ಲಿ ಕ್ರಿಮಿನಲ್ ಮೊಕದ್ದಮೆ ಕೈಬಿಡಲಾಯಿತು. ಆಕೆ ಅದನ್ನು ಸಮ್ಮತಿಯ ಸಂಬಂಧವೆಂದು ಕಂಡಿರಲಿಲ್ಲ ಎಂಬುದು ಈಗ ತನಗೆ ಅರ್ಥವಾಗಿದೆ ಎಂದು ಬ್ರಯಂಟ್ ಹೇಳಿಕೆ ಕೊಟ್ಟು ಕ್ಷಮೆ ಕೇಳಿದರು. 2020ರ ಜನವರಿಯಲ್ಲಿ ಅವರು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ದಿನ, ಆ ಹಳೆಯ ವರದಿಯೊಂದನ್ನು ನೆನಪಿಸಿದ ವಾಷಿಂಗ್ಟನ್ ಪೋಸ್ಟ್‌ನ ವರದಿಗಾರ್ತಿ ಫೆಲಿಶಿಯಾ ಸೊನ್ಮೆಜ್ ಅವರನ್ನು ಪತ್ರಿಕೆ ರಜೆಯ ಮೇಲೆ ಕಳುಹಿಸಿತು. ಸಹೋದ್ಯೋಗಿಗಳು ಪ್ರತಿಭಟಿಸಿದ ಮೇಲೆ ಮರಳಿ ಕರೆಯಿತು. ಸತ್ತವರನ್ನು ಗೌರವಿಸಬೇಕು, ನಿಜ. ಆದರೆ ಗೌರವವೆಂದರೆ ದಾಖಲೆಯನ್ನು ಅಳಿಸುವುದಲ್ಲ.

ಹಾಗಾದರೆ ಮಾಧ್ಯಮದ ನಿಜವಾದ ಕೆಲಸ ಯಾವುದು? ಉತ್ತರ 2023ರ ಕುಸ್ತಿಪಟುಗಳ ಹೋರಾಟದಲ್ಲಿದೆ. ಆ ವರ್ಷ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಮೊದಲಾದವರು ಜಂತರ್ ಮಂತರ್‌ನಲ್ಲಿ ಕುಳಿತಾಗ ಅನೇಕರು ಕೇಳಿದ್ದು ‘ಇಷ್ಟು ದಿನ ಯಾಕೆ ಸುಮ್ಮನಿದ್ದರು’ ಎಂದು. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯಿತ್ತು: ಅವರು ಹೋಗಿ ಹೇಳಿಕೊಳ್ಳಲು ಕುಸ್ತಿ ಒಕ್ಕೂಟದಲ್ಲಿ ಜಾಗವಾದರೂ ಇತ್ತೆ? ಒಕ್ಕೂಟದಲ್ಲಿ 2013ರ ಕಾಯ್ದೆಯಂತೆ ರಚಿಸಬೇಕಾದ ಆಂತರಿಕ ದೂರು ಸಮಿತಿ ಸರಿಯಾಗಿ ಇರಲಿಲ್ಲವೆಂದು ಆಮೇಲೆ ಸರ್ಕಾರ ನೇಮಿಸಿದ ಮೇಲುಸ್ತುವಾರಿ ಸಮಿತಿಯೇ ಕಂಡುಕೊಂಡಿತು. ಒಬ್ಬ ವರದಿಗಾರ ಒಂದು ದಿನ ಕಚೇರಿಗೆ ಹೋಗಿ ವಿಚಾರಿಸಿದ್ದರೆ ಹತ್ತು ವರ್ಷಗಳ ಹಿಂದೆಯೇ ಇದು ಸುದ್ದಿಯಾಗಬಹುದಿತ್ತು. ನಮ್ಮ ಜಿಲ್ಲೆಯ ಕ್ರೀಡಾ ಸಂಘಗಳಲ್ಲಿ, ಕ್ರೀಡಾ ವಸತಿ ನಿಲಯಗಳಲ್ಲಿ ಅಂಥ ಸಮಿತಿ ಇದೆಯೇ ಎಂದು ಸ್ಥಳೀಯ ಪತ್ರಕರ್ತರು ಇವತ್ತೇ ಹೋಗಿ ಕೇಳಬಹುದು.

ಇಷ್ಟೆಲ್ಲ ಯಾಕೆ ಮುಖ್ಯವೆಂದರೆ, ಈ ಸುದ್ದಿಗಳನ್ನು ಆಟಗಾರರ ಅಭಿಮಾನಿಗಳು ಮಾತ್ರ ಓದುವುದಿಲ್ಲ. ಚಿಂತಾಮಣಿಯ ಯಾವುದೋ ಮನೆಯಲ್ಲಿ ಖೋಖೋ ಆಡುವ ಹುಡುಗಿಯ ತಂದೆಯೂ ಓದುತ್ತಾನೆ. ದೂರು ಕೊಟ್ಟವಳ ಗತಿ ಏನಾಯಿತೆಂದು ನೋಡುತ್ತಾನೆ. ಅವಳನ್ನು ಟಿವಿಯಲ್ಲಿ ಹರಿದು ಹಾಕಿದ್ದು ಕಂಡರೆ ಆತ ಮಗಳಿಗೆ ‘ಆಟ ಸಾಕು, ಮನೆಗೆ ಬಾ’ ಎನ್ನುತ್ತಾನೆ. ಮಗಳೂ ನೋಡುತ್ತಿರುತ್ತಾಳೆ. ನಾಳೆ ತನಗೇನಾದರೂ ಆದರೆ ಬಾಯಿ ತೆರೆಯಬಾರದು ಎಂಬ ಪಾಠವನ್ನು ಅವಳು ನಮ್ಮ ಶೀರ್ಷಿಕೆಗಳಿಂದಲೇ ಕಲಿಯುತ್ತಾಳೆ. ಆ ಪಾಠವನ್ನು ಕಲಿಸಿದವರು ನಾವು ಎಂಬ ಅರಿವು ಬರೆಯಲು ಕುಳಿತಾಗ ಕೈಯನ್ನು ತುಸು ತಡೆದರೆ, ಪತ್ರಿಕಾಧರ್ಮ ಅಲ್ಲಿಂದಲೇ ಆರಂಭವಾಗುತ್ತದೆ.