ಕಾರ್ಸಿನಾಲಜಿ: ಹೆಸರಿನಲ್ಲಿ ಏಡಿ ಮಾತ್ರವೇ?

'ಕಾರ್ಸಿನಾಲಜಿ' ಎಂದರೇನು? ತರಗತಿಯಲ್ಲಿ ಕೇಳಿ ನೋಡಿ. 'ಕ್ಯಾನ್ಸರ್ ರೋಗದ ಅಧ್ಯಯನ' ಎಂಬ ಉತ್ತರ ಬಂದರೆ ವಿದ್ಯಾರ್ಥಿಯನ್ನು ದೂಷಿಸಬೇಡಿ. 'ಕಾರ್ಸಿನೋಮ' ಎಂಬ ಪದ ಬಲ್ಲವರು ಹಾಗೆಯೇ ತರ್ಕಿಸುತ್ತಾರೆ. ಆದರೆ ರೋಗದ ಅಧ್ಯಯನ ಆಂಕಾಲಜಿ. ಕಾರ್ಸಿನಾಲಜಿಯಾದರೋ ಏಡಿ, ಸೀಗಡಿ ಮೊದಲಾದ ಕಠಿಣಚರ್ಮಿಗಳನ್ನು ಅಭ್ಯಸಿಸುವ ಪ್ರಾಣಿವಿಜ್ಞಾನದ ಶಾಖೆ.

ಗೊಂದಲದ ಮೂಲ ಗ್ರೀಕ್ ಭಾಷೆಯ 'ಕಾರ್ಕಿನೋಸ್'. ಇದರ ಅರ್ಥ ಏಡಿ. ಪ್ರಾಚೀನ ಗ್ರೀಕ್ ವೈದ್ಯರು ಕೆಲವು ಗಂತಿಗಳಿಗೂ ಇದೇ ಹೆಸರಿಟ್ಟರು. ಗಂತಿಯ ಸುತ್ತ ಉಬ್ಬಿದ ರಕ್ತನಾಳಗಳನ್ನು ಗೇಲೆನ್ ಏಡಿಯ ಕಾಲುಗಳಿಗೆ ಹೋಲಿಸಿದ. ಲ್ಯಾಟಿನ್ನಿನಲ್ಲಿ 'ಕ್ಯಾನ್ಸರ್' ಎಂದರೂ ಏಡಿಯೇ. ನಮ್ಮ 'ಏಡಿಗಂತಿ'ಯಲ್ಲಿರುವುದೂ ಇದೇ ಹೋಲಿಕೆ. ಹೀಗೆ ಒಂದೇ ಪದ ಪ್ರಾಣಿವಿಜ್ಞಾನಕ್ಕೂ ವೈದ್ಯಕ್ಕೂ ಹೋಯಿತು.

ಹಾಗಾದರೆ ಕನ್ನಡದಲ್ಲಿ 'ಏಡಿಶಾಸ್ತ್ರ' ಎನ್ನೋಣವೇ? ಪದಶಃ ಸರಿ, ವಿಷಯಕ್ಕೆ ತಪ್ಪು. ನಾರುಹುಣ್ಣಿನ ಹುಳುವಿನ ಮರಿಗಳನ್ನು ಹೊತ್ತು ಕುಡಿಯುವ ನೀರಿನ ಮೂಲಕ ಮನುಷ್ಯನ ದೇಹ ಸೇರುತ್ತಿದ್ದ ಸೈಕ್ಲಾಪ್ಸ್ ಕೂಡ ಕಠಿಣಚರ್ಮಿಯೇ. ಅದು ಏಡಿಯನ್ನು ಎಳ್ಳಷ್ಟೂ ಹೋಲುವುದಿಲ್ಲ. ನೀರು ಸೋಸಿ ಕುಡಿಯುವಂಥ ಸರಳ ಕ್ರಮಗಳಿಂದ ಭಾರತ ಈ ರೋಗದಿಂದ ಮುಕ್ತವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2000ದಲ್ಲಿ ದೃಢೀಕರಿಸಿತು. ಇಂಥ ಜೀವಿಯನ್ನು ಹೊರಗಿಡುವ ಹೆಸರು ನಮಗೆ ಬೇಡ.

'ಕಠಿಣಚರ್ಮಿ' ಎಂಬುದೂ ನಿರ್ದೋಷವಲ್ಲ. ಲ್ಯಾಟಿನ್ನಿನ 'ಕ್ರಸ್ಟ' ಎಂದರೆ ಗಟ್ಟಿ ಹೊರಪದರ, ಚರ್ಮವಲ್ಲ. ಏಡಿಯ ಹೊದಿಕೆ ಕೈಟಿನ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಕವಚ. ಅದು ದೇಹದೊಂದಿಗೆ ಬೆಳೆಯುವುದಿಲ್ಲವಾದ್ದರಿಂದ ಪ್ರಾಣಿ ಅದನ್ನು ಆಗಾಗ ಕಳಚಲೇಬೇಕು. ಆದರೂ ಈ ಪದ ಇಡೀ ಗುಂಪನ್ನು ಸೂಚಿಸುತ್ತದೆ. ಆದ್ದರಿಂದ 'ಕಠಿಣಚರ್ಮಿ ವಿಜ್ಞಾನ'ವೇ ಮೇಲು ಎಂಬುದು ನನ್ನ ಅಭಿಪ್ರಾಯ.

ವ್ಯುತ್ಪತ್ತಿ ಪದದ ಚರಿತ್ರೆಯೇ ಹೊರತು ವ್ಯಾಖ್ಯೆಯಲ್ಲ. ನಮ್ಮ ಭೌತವಿಜ್ಞಾನದಲ್ಲೇ ನೋಡಿ: 'ಆಟಮ್' ಎಂದರೆ ಒಡೆಯಲಾಗದ್ದು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ಆ ಅರ್ಥ ನಿಲ್ಲಲಿಲ್ಲ, ಪದ ಮಾತ್ರ ಉಳಿಯಿತು.

ಹುಣಸೂರಿನ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರದ ಕಾವೇರಿ, ಎಚ್.ಡಿ. ಕೋಟೆಯ ಕಪಿಲೆ ಇವುಗಳ ಆಸುಪಾಸಿನ ಶಿಕ್ಷಕರಿಗೆ ಪಾಠೋಪಕರಣ ಗದ್ದೆಯ ಬದುವಿನಲ್ಲೇ ಇದೆ. ಏಡಿ ಕಳಚಿದ ಒಂದು ಕವಚವನ್ನು ತರಗತಿಗೆ ತನ್ನಿ. ಕೆರೆಯ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸೈಕ್ಲಾಪ್ಸ್ ಸಿಕ್ಕೀತೇ ಎಂದು ಹುಡುಕಿಸಿ. ಎರಡೂ ಒಂದೇ ಗುಂಪಿಗೆ ಏಕೆ ಸೇರಿವೆ ಎಂದು ಮಕ್ಕಳೇ ಕೇಳಲಿ. ಪದವನ್ನು ಆಮೇಲೆ ಹೇಳಿ.