ಇಂಜಿನ್ ನಿಂತ ಮೇಲೆ

ನಮ್ಮ ಸೀಮೆಯಲ್ಲಿ ಆನೆ ಎಂದರೆ ರಾತ್ರಿಯ ವಿಷಯ. ಕನಕಪುರ, ಚನ್ನಪಟ್ಟಣದ ಕಡೆ ರಾಗಿ ತೆನೆ ಬಲಿಯುವ ಹೊತ್ತಿಗೆ ಹೊಲಗಳಲ್ಲಿ ಪಟಾಕಿ ಸಿಡಿಯುತ್ತದೆ, ತಮಟೆ ಬಡಿಯುತ್ತಾರೆ. ಬೆಳಿಗ್ಗೆ ನೋಡಿದರೆ ತುಳಿದ ಬೆಳೆಯ ನಡುವೆ ಮೊರದಗಲದ ಹೆಜ್ಜೆ. ಸೋಲೂರಿನವನಾದ ನನಗೆ ಆ ಹೆಜ್ಜೆ, ಲದ್ದಿ ಗೊತ್ತಿತ್ತು, ಆನೆ ಗೊತ್ತಿರಲಿಲ್ಲ. ದೋಣಿಯಲ್ಲಿ ಕೂತು ಆನೆ ನೋಡಲು ಕಬಿನಿಗೆ ಹೊರಟೆನೆಂದಾಗ ಚನ್ನಪಟ್ಟಣದ ಭಾಮೈದ ನಕ್ಕ: 'ದುಡ್ಡು ಕೊಟ್ಟು ಅಷ್ಟು ದೂರ ಯಾಕೆ ಭಾವ? ಬಂದು ನಮ್ಮ ಅಟ್ಟಣೆ ಮೇಲೆ ಮಲಗಿ.'

ಅಪ್ಪಟ ಮಳೆಕಾಡಲ್ಲಿ ದೋಣಿ ಬೇಕೆನ್ನುವವರು ಕೇರಳದ ಪೆರಿಯಾರಿಗೆ ಹೋಗಲಿ. ಅದೂ 1895ರ ಅಣೆಕಟ್ಟೆಯ ಹಿನ್ನೀರೇ. ನನ್ನ ಓಟು ಕಬಿನಿಗೆ. ಇಲ್ಲಿನದು ಎಲೆ ಉದುರುವ ಕಾಡು. ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟೆ ಎದ್ದ ಮೇಲೆ ನಾಗರಹೊಳೆ, ಬಂಡೀಪುರಗಳ ನಡುವೆ ನೀರು ಹರಡಿಕೊಂಡಿತು. ಬೇಸಿಗೆಯಲ್ಲಿ ಕಾಡೊಳಗಿನ ಕೆರೆಗಳು ಬತ್ತುತ್ತವೆ, ಹಿನ್ನೀರು ಇಳಿದ ದಡದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಹಿಂಡು ಹಿಂಡಾಗಿ ಆನೆಗಳು ಬರುವುದು ಆ ಹುಲ್ಲಿಗೆ. ಆದ್ದರಿಂದ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಸರದಿಯೇ ಸರಿ. ಬೆವರುತ್ತೀರಿ, ಬೆವರಿ. ಹುಲಿ ಹುಲಿ ಎಂದು ಜಪ ಮಾಡುವವರನ್ನು ಮಾತ್ರ ದೋಣಿಗೆ ಹತ್ತಿಸಿಕೊಳ್ಳಬಾರದು. ಅವರು ನೀರುನಾಯಿಯನ್ನೂ ನೋಡುವುದಿಲ್ಲ, ನೋಡಲೂ ಬಿಡುವುದಿಲ್ಲ.

ಜೀಪಿನದು ಹುಡುಕಾಟ, ದೋಣಿಯದು ಕಾಯುವಿಕೆ. ಮುಳುಗಿದ ಕಾಡಿನ ಒಣ ಬೊಡ್ಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದವು. ಕೆಸರಿನ ದಿಬ್ಬದಲ್ಲಿ ಮೊಸಳೆಯೊಂದು ಬಾಯಿ ತೆರೆದು ಬಿದ್ದುಕೊಂಡಿತ್ತು. ದಡ ಹತ್ತಿರವಾದಾಗ ದೋಣಿಯವರು ಇಂಜಿನ್ ಆರಿಸಿ, ಬಾಯಿಗೆ ಬೆರಳಿಟ್ಟರು.

1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು ಇದೇ ಸೀಮೆಯಲ್ಲಿ. ಗದ್ದಲ ಎಬ್ಬಿಸಿ ಹಿಂಡನ್ನು ಹೊಳೆಗೆ ಇಳಿಸಿ ಹಿಡಿಯುತ್ತಿದ್ದ ಕಡೆ ಈಗ ಕೆಮ್ಮಿದರೂ ಎಲ್ಲರೂ ತಿರುಗಿ ನೋಡುತ್ತಾರೆ. (ಕೆಮ್ಮಿದವನು ನಾನೇ.)

ಹೆಣ್ಣಾನೆಯೊಂದು ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡ ಕೆದಕಿ, ಸೊಂಡಿಲಿನಿಂದ ಕಿತ್ತು, ಕಾಲಿಗೆ ಎರಡು ಸಲ ಬಡಿಯಿತು. ಮಣ್ಣು ಉದುರಿತು. ಹುಲ್ಲು ಬಾಯಿಗೆ ಹೋಯಿತು. ಮತ್ತೆ ಕೆದಕು, ಮತ್ತೆ ಬಡಿ. ನಮ್ಮಜ್ಜಿ ಸೊಪ್ಪಿನ ಕಂತೆ ಕೊಡವುತ್ತಿದ್ದದ್ದು ಹೀಗೇ. ಹೊಟ್ಟೆಯಡಿ ನಿಂತ ಮರಿಗೂ ಅದೇ ಆಸೆ. ಅದಕ್ಕೆ ಸೊಂಡಿಲು ಇನ್ನೂ ಹತೋಟಿಗೆ ಬಂದಿರಲಿಲ್ಲ. ಒಂದೆಳೆ ಹಿಡಿಯಿತು, ಬೀಳಿಸಿತು, ಹುಡುಕಿತು, ಕೊನೆಗೆ ಬಿದ್ದ ಹುಲ್ಲಿನ ಮೇಲೆ ತಾನೇ ಕಾಲಿಟ್ಟು ನಿಂತು ಎಳೆಯತೊಡಗಿತು.

ಹೊತ್ತಾಯಿತೆಂದು ದೋಣಿಯವರು ಇಂಜಿನ್ ಹಚ್ಚಿದರು. ತಾಯಿ ತಲೆ ಎತ್ತಲಿಲ್ಲ. ಮರಿ ಇನ್ನೂ ಎಳೆಯುತ್ತಲೇ ಇತ್ತು.